ಒಬ್ನೇ ಬಂದಿದೀನಿ ಅತ್ತೆ

ಬಸ್ಸಿನಲ್ಲಿ ನನ್ನನ್ನು ಹೆಂಡತಿ ಎಂದವನು ಕೋಟೆ ಹತ್ತಿದ ಮೇಲೆ ನಾನು ಇಲ್ಲವೇ ಇಲ್ಲ ಎಂದ. ಮೆಟ್ಟಿಲು ಹತ್ತುವಷ್ಟು ಹೊತ್ತಿನಲ್ಲಿ ನನ್ನ ಸಂಸಾರ ಶುರುವಾಗಿ, ಮುಗಿದೂ ಹೋಗಿತ್ತು.

ಬಸ್ಸಿನದು ಮೊದಲು ಹೇಳುತ್ತೇನೆ.

ಶನಿವಾರ ಬೆಳಗಿನ ರೈಲಿಗೆ ನಮ್ಮ ಊರಿಂದ ಹೊರಟು ಈ ದೊಡ್ಡ ಊರಿಗೆ ಬಂದಿದ್ದೆವು. ಲಾಡ್ಜಿನಲ್ಲಿ ಎರಡು ರೂಮು ಹಿಡಿದು, ಬ್ಯಾಗು ಎಸೆದು, ಊರು ತೋರಿಸುವ ಟೂರಿಸ್ಟ್ ಬಸ್ಸು ಹತ್ತಿದೆವು. ಅವನು ಕಿಟಕಿಯ ಪಕ್ಕ, ನಾನು ಈಚೆ. ಆಚೆ ಸೀಟಿನಲ್ಲಿ ಬಿಳಿ ಕೂದಲಿನ ಒಬ್ಬ ಹೆಂಗಸು. ದೊಡ್ಡಾಸ್ಪತ್ರೆಯಲ್ಲಿ ನರ್ಸ್ ಆಗಿ ರಿಟೈರ್ ಆದವರಂತೆ. ಬಸ್ಸು ಹೊರಡುವ ಮೊದಲೇ ಇಡೀ ಬಸ್ಸಿನ ಬಿ.ಪಿ., ಶುಗರ್ ವಿಚಾರಿಸಿ ಮುಗಿಸಿದ್ದರು. ಕೊನೆಗೆ ನಮ್ಮ ಕಡೆ ತಿರುಗಿದರು.

"ಮದುವೆ ಆಗಿ ಎಷ್ಟು ವರ್ಷ ಆಯ್ತಮ್ಮ?"

ನಾನು ಬಾಯಿ ತೆಗೆಯುವುದರೊಳಗೆ ಕಿಟಕಿಯ ಕಡೆಯಿಂದ ಉತ್ತರ ಬಂತು. "ಹದಿನೆಂಟು."

"ಮಕ್ಕಳು?"

"ಇಲ್ಲ. ಇವಳಿಗೆ ನನ್ನ ಸಾಕೋದರಲ್ಲೇ ಸಾಕಾಗಿದೆ."

ನರ್ಸಮ್ಮ ಕುಲುಕುಲು ನಕ್ಕರು. ನಾನು ಅವನ ಮೊಣಕಾಲಿಗೆ ಒಂದು ಕೊಟ್ಟೆ. ನನ್ನ ಕಿವಿ ಬಿಸಿಯಾಗಿತ್ತು. ಸಿಟ್ಟಿನಿಂದಲ್ಲ. ನಮ್ಮ ಪರಿಚಯಕ್ಕೇ ಎರಡು ವರ್ಷ. ಈ ಎರಡು ವರ್ಷದಲ್ಲಿ ಅವನು ಯಾರ ಮುಂದೆಯೂ ನನ್ನನ್ನು 'ಇವಳು' ಎಂದವನಲ್ಲ. ಆ ಪದವನ್ನು ಕಲ್ಲುಸಕ್ಕರೆಯ ಹಾಗೆ ದವಡೆಯಲ್ಲಿ ಇಟ್ಟುಕೊಂಡು ಕೂತೆ.

"ಹದಿನೆಂಟು ಯಾಕೆ?" ಎಂದು ಪಿಸುಗುಟ್ಟಿದೆ.

"ಎರಡು ಅಂದ್ರೆ ಇಷ್ಟು ತಡವಾಗಿ ಯಾಕಾದ್ರಿ ಅಂತಾರೆ. ಇಪ್ಪತ್ತೈದು ಅಂದ್ರೆ ನಿನಗೆ ವಯಸ್ಸಾಗಿದೆ ಅಂತ ಆಗುತ್ತೆ."

"ಸುಳ್ಳನ್ನೂ ಅಳತೆ ತಗೊಂಡು ಹೇಳ್ತೀರಲ್ಲ."

"ಅಭ್ಯಾಸ" ಎಂದು ಕನ್ನಡಕ ತೆಗೆದು ನನ್ನ ಶಾಲಿನ ತುದಿಯಲ್ಲಿ ಒರೆಸಿಕೊಂಡ.

"ಬಟ್ಟೇಲಿ ಒರೆಸಬೇಡಿ, ಗೀರು ಬೀಳುತ್ತೆ ಅಂತ ಊರಿಗೆಲ್ಲ ಪಾಠ ಹೇಳೋರು ನೀವೇ ತಾನೇ?"

"ಇದು ಬಟ್ಟೆ ಅಲ್ಲ. ನಿನ್ನ ಶಾಲು."

ಕನ್ನಡಕವಿಲ್ಲದ ಅವನ ಕಣ್ಣಿಗೆ ನಾನು ಮಂಜು ಮಂಜಾಗಿ ಕಾಣುತ್ತೇನಂತೆ. ಆದರೂ ಒರೆಸಿ ಮುಗಿಸುವ ತನಕ ನನ್ನನ್ನೇ ನೋಡುತ್ತಿದ್ದ.

ಅವನದು ಕನ್ನಡಕದ ಅಂಗಡಿ. ನನ್ನದು ಅದೇ ರಸ್ತೆಯ ಕೊನೆಯಲ್ಲಿ ಕುಶನ್ ಅಂಗಡಿ. ಬಸ್ಸು, ವ್ಯಾನು, ಸೋಫಾ, ಏನು ತಂದರೂ ಸೀಟು ಹೊಲಿದು ಕೊಡುತ್ತೇನೆ. ಡ್ರೈವರುಗಳು ಸೀಟಕ್ಕ ಎನ್ನುತ್ತಾರೆ. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ ಪುರುಸೊತ್ತಾಗಲಿಲ್ಲ ಎನ್ನುತ್ತೇನೆ. ಅದು ನಿಜವೂ ಹೌದು. ಕಣ್ಣು ಪರೀಕ್ಷೆ ಮಾಡುವ ಕುರ್ಚಿಯ ರೆಕ್ಸಿನ್ ಹರಿದಿದೆ ಎಂದು ಅವನು ಮೊದಲ ಸಲ ಬಂದ. ಹೊಲಿದು ಕೊಟ್ಟೆ. ಎಡಗಡೆ ಸ್ವಲ್ಪ ಗಟ್ಟಿ ಎಂದು ವಾಪಸ್ಸು ತಂದ. ಬಿಚ್ಚಿ ಸರಿ ಮಾಡಿದೆ. ಈಗ ಬಲಗಡೆ ಮೆತ್ತಗಾಯಿತು ಎಂದು ಮತ್ತೆ ತಂದ.

"ನಿಮ್ಮ ಸೊಂಟವೇ ವಾರೆ ಇರಬೇಕು. ನನ್ನ ಹೊಲಿಗೆ ಸರಿ ಇದೆ" ಎಂದು ಬೈದೆ.

ಅವನು ನನ್ನ ಕೈಯನ್ನೇ ನೋಡುತ್ತಾ, "ಸೂಜಿಗೆ ದಾರ ಪೋಣಿಸೋಕೆ ಎಷ್ಟು ಹೊತ್ತು ಒದ್ದಾಡ್ತಿದೀರಿ. ಚಾಳೀಸು ಬಂದಿದೆ. ಅಂಗಡಿಗೆ ಬನ್ನಿ" ಎಂದ.

ಹೋದೆ. ನಾನು ಹೊಲಿದ ಕುರ್ಚಿಯ ಮೇಲೆ ನನ್ನನ್ನೇ ಕೂರಿಸಿದ. ಒಂದು ಪುಟ್ಟ ಸ್ಕೇಲನ್ನು ನನ್ನ ಮೂಗಿನ ಮೇಲೆ ಅಡ್ಡಲಾಗಿ ಹಿಡಿದು, ಎರಡು ಕಣ್ಣಿನ ನಡುವಿನ ಅಂತರ ಅಳೆಯಬೇಕು, ಅಲುಗಾಡಬೇಡಿ, ನನ್ನ ಕಣ್ಣನ್ನೇ ನೋಡಿ ಎಂದ. ನೋಡಿದೆ. ಹೊರಗೆ ರಸ್ತೆಯಲ್ಲಿ ಯಾರೋ ಹಾರನ್ ಹೊಡೆಯುತ್ತಲೇ ಇದ್ದರು. ಸ್ಕೇಲು ಅಲ್ಲೇ ಇತ್ತು. ಅವನ ಉಸಿರಿನಲ್ಲಿ ಏಲಕ್ಕಿ ವಾಸನೆ ಇತ್ತು.

"ಇಷ್ಟು ಹೊತ್ತು ಬೇಕಾ ಇದಕ್ಕೆ?"

"ಬೇಡ" ಎಂದ, ಸ್ಕೇಲು ತೆಗೆಯದೆ.

ಇಂಥ ಮನುಷ್ಯ.

ಹಾಗೆ ಶುರುವಾದದ್ದು ಎರಡು ವರ್ಷವಾದರೂ ಮುಂದಕ್ಕೂ ಹೋಗದೆ ಹಿಂದಕ್ಕೂ ಬರದೆ ನಿಂತಿತ್ತು. ಈ ಸಲ, ಎರಡು ದಿನ ಊರು ನೋಡಿಕೊಂಡು ಬರೋಣ ಎಂದು ಅವನೇ ಕರೆದ. ನಾನು ಮನೆಯಲ್ಲಿ ಮುಚ್ಚಿಡಲಿಲ್ಲ. ತಮ್ಮ, ತಮ್ಮನ ಹೆಂಡತಿ ಇಬ್ಬರನ್ನೂ ಎದುರು ಕೂರಿಸಿ, "ಕನ್ನಡಕದವರ ಜೊತೆ ಹೋಗ್ತಿದೀನಿ. ಅವರನ್ನೇ ಮದುವೆ ಆಗೋದು" ಎಂದೆ. ತಮ್ಮ ಹುಣಿಸೆಹಣ್ಣು ಕಚ್ಚಿದವನ ಹಾಗೆ ಮುಖ ಮಾಡಿಕೊಂಡ. ಅವನ ಹೆಂಡತಿಯ ಬಾಯಿಂದ ಸಂಜೆಯೊಳಗೆ ರಸ್ತೆಗೆಲ್ಲ ಗೊತ್ತಾಯಿತು. ಆಗಲಿ ಎಂದುಕೊಂಡೆ. ಮಳೆಯಲ್ಲಿ ನೆನೆಯಲು ಇಳಿದವಳಿಗೆ ತುಂತುರಿನ ಹೆದರಿಕೆಯೇ? ಹೀಗೆ ನಾನು ನನ್ನ ಬಾಗಿಲನ್ನು ಸದ್ದು ಮಾಡಿಯೇ ಮುಚ್ಚಿ ಬಂದಿದ್ದೆ.

ಅವನೂ ಹಾಗೇ ಬಂದಿದ್ದಾನೆ ಎಂದುಕೊಂಡಿದ್ದೆ.

ಕೋಟೆ ಕಡಿದಾಗಿತ್ತು. ಮೇಲೆ ಒಂದು ತುಕ್ಕು ಹಿಡಿದ ಫಿರಂಗಿ, ಅದರಾಚೆ ಊರಿಗೆ ಊರೇ ಕೆಳಗೆ ಹಾಸಿತ್ತು. ಗಾಳಿ ಚೆನ್ನಾಗಿತ್ತು. ಅವನಿಗೆ ಫೋನು ಬಂತು, ಫಿರಂಗಿಯ ಆಚೆ ಹೋದ. ನಾನು ಎರಡು ಕೋನ್ ಐಸ್‌ಕ್ರೀಮ್ ತೆಗೆದುಕೊಂಡು, ಎರಡೂ ಕೈಯಲ್ಲಿ ಹಿಡಿದು, "ರೀ, ಬನ್ರೀ ಬೇಗ, ಕರಗ್ತಿದೆ!" ಎಂದು ಕೂಗುತ್ತಾ ಅತ್ತ ಹೋದೆ.

ಅವನು ನನಗೆ ಬೆನ್ನು ಹಾಕಿ, ಒಂದು ಕಿವಿ ಮುಚ್ಚಿಕೊಂಡು ಮಾತಾಡುತ್ತಿದ್ದ.

"ಹಾಂ ಅತ್ತೆ, ತಲುಪಿದೆ... ಮೆಷೀನ್ ಟ್ರೇನಿಂಗು, ನಾಳೆ ಸಂಜೆ ಮುಗಿಯುತ್ತೆ... ಇಲ್ಲ ಇಲ್ಲ, ಒಬ್ನೇ ಬಂದಿದೀನಿ ಅತ್ತೆ... ಹೆಂಗಸಿನ ಧ್ವನೀನಾ? ಯಾರೂ ಇಲ್ಲ. ಗಾಳಿ ಅದು. ಇಲ್ಲಿ ತುಂಬಾ ಗಾಳಿ."

ನಾನು ಅಲ್ಲೇ ನಿಂತೆ. ಒಂದು ಐಸ್‌ಕ್ರೀಮು ಮಣಿಕಟ್ಟಿನ ತನಕ ಇಳಿದು ಬಂತು. ಎಸೆಯಲು ಮನಸ್ಸಾಗಲಿಲ್ಲ. ಫಿರಂಗಿಯ ಮೇಲೆ ಕೂತು ಎರಡನ್ನೂ ನಾನೇ ತಿಂದೆ. ಸಿಟ್ಟಿನಲ್ಲಿ ತಿಂದದ್ದಕ್ಕೆ ರುಚಿ ಇರುವುದಿಲ್ಲ. ಹಲ್ಲು ಮಾತ್ರ ಜುಮ್ಮೆಂದಿತು.

ಫೋನು ಜೇಬಿಗೆ ಹಾಕಿಕೊಂಡು ಬಂದ. "ನನ್ನದೆಲ್ಲಿ?"

"ಒಬ್ಬನೇ ಬಂದೋನಿಗೆ ಯಾರು ತಂದುಕೊಡ್ತಾರೆ?"

ಅವನ ಮುಖದಿಂದ ರಕ್ತ ಇಳಿದದ್ದು ನನಗೆ ಕಂಡಿತು. "ನೀವು... ಕೇಳಿಸ್ಕೊಂಡ್ರಾ?"

ಹೆದರಿದಾಗ ಅವನು ನನಗೆ ನೀವು ಎನ್ನುತ್ತಾನೆ. ಸಿಟ್ಟು ಬಂದಾಗ ನಾನು ಅವನಿಗೆ ನೀನು ಎನ್ನುತ್ತೇನೆ.

"ಗಾಳಿಗೂ ಕಿವಿ ಇರುತ್ತೆ ಕಣೋ."

"ಸ್ವಲ್ಪ ನಾನು ಹೇಳೋದು ಕೇಳಿ..."

"ಕೇಳಿದ್ದು ಸಾಕು."

ಮೆಟ್ಟಿಲು ಇಳಿದೆ. ಹಿಂದೆಯೇ ಬಂದ. ನಾನು ನಿಂತರೆ ನಿಂತ, ನಡೆದರೆ ನಡೆದ. ಹಿಂದೆ ಹಿಂದೆ ಬರುವುದಕ್ಕೆ ಅವನಿಗೆ ಧೈರ್ಯವಿತ್ತು. ಪಕ್ಕಕ್ಕೆ ಬರುವುದಕ್ಕೆ ಇರಲಿಲ್ಲ.

ಬಸ್ಸಿನಲ್ಲಿ ಹಿಂದಿನ ಸೀಟಿಗೆ ಹೋಗಿ ಕೂತೆ. ಆ ಸೀಟಿನ ಫೋಮ್ ಯಾವತ್ತೋ ಸತ್ತಿತ್ತು, ಒಳಗಿನ ಹಲಗೆ ತಾಗುತ್ತಿತ್ತು. ಬೇರೆ ದಿನವಾಗಿದ್ದರೆ ಇದನ್ನು ಹೊಲಿದವನ ವಂಶವನ್ನೇ ಜಾಲಾಡುತ್ತಿದ್ದೆ. ಮೈಕ್ ಹಿಡಿದಿದ್ದ ಗೈಡ್ ಹುಡುಗಿ, "ಜೋಡಿಗಳೆಲ್ಲ ಒಟ್ಟಿಗೆ ಕೂತ್ಕೊಳ್ಳಿ, ತಲೆ ಎಣಿಸೋಕೆ ಸುಲಭ" ಎಂದಳು. ಮೈಕಿಗೆ ಬೇರೆ ಕೆಲಸವಿರಲಿಲ್ಲ.

ನರ್ಸಮ್ಮ ಎದ್ದು ಬಂದು ನನ್ನ ಪಕ್ಕ ಕೂತರು. ಇಂಜೆಕ್ಷನ್ ಚುಚ್ಚುವ ಮೊದಲು ಮಾತಾಡಿಸುವ ಧ್ವನಿ ತೆಗೆದರು. "ಏನಮ್ಮ, ಜಗಳಾನಾ? ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ಬಿಟ್ಬಿಡು."

"ಉಣ್ಣೋದೂ ಬೇರೆ ಬೇರೆ ಮನೇಲಿ, ಮಲಗೋದೂ ಬೇರೆ ಬೇರೆ ಮನೇಲಿ. ನಮ್ಮ ಜಗಳಕ್ಕೆ ಮುಗಿಯೋ ದಾರಿನೇ ಇಲ್ಲ."

"ಅಂದ್ರೆ?"

"ಅವರು ನನ್ನ ಗಂಡ ಅಲ್ಲ."

ಮೆಲ್ಲಗೆ ಹೇಳಬೇಕೆಂದೇ ಇದ್ದೆ. ಆದರೆ ನನ್ನ ಗಂಟಲಿಗೆ ಮೆಲ್ಲಗೆ ಎಂಬುದು ಗೊತ್ತಿಲ್ಲ. ಬಸ್ಸಿಗೆ ಬಸ್ಸೇ ತಿರುಗಿತು. ಮುಂದೆ ಕೂತಿದ್ದ ಹೊಸ ಗಂಡ ಹೆಂಡತಿ ಸೆಲ್ಫಿ ತೆಗೆಯುವುದನ್ನು ಬಿಟ್ಟು ಸೀಟಿನ ಮೇಲಿಂದ ಇಣುಕಿದರು.

"ಹಾಗಾದ್ರೆ ಆ ಹದಿನೆಂಟು ವರ್ಷ?" ಎಂದರು ನರ್ಸಮ್ಮ.

"ಅದು ಅವರ ನಾಲಿಗೆ ವಯಸ್ಸು."

ಎಲ್ಲರೂ ಅವನನ್ನು ನೋಡಿದರು. ಅವನು ಎದ್ದು ನಿಂತ. ಯಾಕೆ ನಿಂತನೋ, ಶಾಲೆಯಲ್ಲಿ ಮೇಷ್ಟ್ರು ಕರೆದ ಹಾಗೆ. ಬಸ್ಸು ತಿರುವಿನಲ್ಲಿ ವಾಲಿತು, ಅವನೂ ವಾಲಿದ, ಕಂಬಿ ಹಿಡಿದುಕೊಂಡ.

"ಏನ್ರೀ ಯಜಮಾನ್ರೇ, ಇದ್ರಲ್ಲೂ ಸುಳ್ಳು ಹೇಳ್ತಾರಾ?" ಎಂದರು ನರ್ಸಮ್ಮ.

"ತಪ್ಪಾಯ್ತು" ಎಂದ ಅವನು. ನರ್ಸಮ್ಮನಿಗೆ ಹೇಳಿದ. ನನಗಲ್ಲ. ನನ್ನ ಸಿಟ್ಟು ಇನ್ನೊಂದು ಮೆಟ್ಟಿಲು ಹತ್ತಿತು.

ಮುಂದಿನದು ಮ್ಯೂಸಿಯಂ. ಬಾಗಿಲಲ್ಲೇ ಕೂತಿದ್ದ ಕಾವಲುಗಾರ, "ಶಬ್ದ ಮಾಡಬಾರದು" ಎಂದು ತುಟಿಯ ಮೇಲೆ ಬೆರಳಿಟ್ಟ. ನನ್ನನ್ನೇ ನೋಡಿ ಇಟ್ಟ ಹಾಗಿತ್ತು. ಒಳಗೆ ಗಾಜಿನ ಪೆಟ್ಟಿಗೆಗಳು, ಕತ್ತಿಗಳು, ಹಳೆಯ ಗಡಿಯಾರಗಳು. ಕೊನೆಯ ಕೋಣೆಯಲ್ಲಿ ಯಾರೋ ರಾಣಿಯ ಸಾರೋಟು. ಅದರ ಸೀಟಿನ ಹೊಲಿಗೆ ಬಿಚ್ಚಿ ಒಳಗಿನ ಕುದುರೆ ಕೂದಲು ಕಾಣುತ್ತಿತ್ತು. ಅದನ್ನು ನೋಡುತ್ತಾ ನಿಂತಿದ್ದೆ. ಅವನು ಬಂದು ಸಾರೋಟಿನ ಆಚೆ ಬದಿಗೆ ನಿಂತ.

ಇಬ್ಬರೂ ಪಿಸುಮಾತಿನಲ್ಲೇ ಜಗಳವಾಡಿದೆವು. ಹಾಗೆ ಜಗಳವಾಡಿ ನೋಡಿ, ಕುಕ್ಕರಿನ ಸೀಟಿ ಒತ್ತಿ ಹಿಡಿದ ಹಾಗಿರುತ್ತದೆ.

"ಅತ್ತೆಗೆ ಗೊತ್ತಿಲ್ಲ" ಎಂದ.

"ಅದು ನನಗೆ ಗೊತ್ತಾಯ್ತು."

"ಅವಳು ಹೋದ ಮೇಲೆ ಅತ್ತೆ ನನ್ನ ಜೊತೇನೇ ಇದ್ದಾರೆ. ಅವರಿಗಿದ್ದಿದ್ದು ಅವಳೊಬ್ಬಳೇ ಮಗಳು. ಬೆಳಿಗ್ಗೆ ಎದ್ದು ನನಗೆ ಕಾಫಿ ಕೊಡೋವಾಗ ಅವರ ಕೈ ನಡುಗುತ್ತೆ, ಆದ್ರೂ ನನಗೆ ಮಾಡೋಕೆ ಬಿಡಲ್ಲ. ಅವರ ಮುಖ ನೋಡಿಕೊಂಡು ಈ ವಿಷಯ ಹೇಳೋಕೆ ಬಾಯಿ ಬರಲ್ಲ."

ಅವಳು ಎಂದರೆ ತೀರಿಹೋದ ಅವನ ಹೆಂಡತಿ. ಆರು ವರ್ಷವಾಯಿತು. ಅತ್ತೆಯವರನ್ನು ನಾನು ದೂರದಿಂದ ನೋಡಿದ್ದೆ, ಅಂಗಡಿಗೆ ಊಟದ ಡಬ್ಬಿ ತರುತ್ತಿದ್ದರು. ಬೆನ್ನು ಬಾಗಿದೆ, ನಡಿಗೆ ಬಿರುಸು. ಅವರ ಬಗ್ಗೆ ನನಗೆ ಕೆಟ್ಟ ಮನಸ್ಸಿರಲಿಲ್ಲ. ಅದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು.

"ನಾನು ಬಂದು ಅವರನ್ನ ಬೀದಿಗೆ ಹಾಕ್ತೀನಿ ಅಂದ್ಕೊಂಡ್ಯಾ?"

"ಛೆ, ಇಲ್ಲ."

"ಮತ್ತೆ? ಅವರನ್ನ ಕೇಳ್ದೆ ಅವರ ದುಃಖ ಎಷ್ಟು ಅಂತ ನೀನೇ ಅಳೆದೆ. ನನ್ನ ಕೇಳ್ದೆ ನನ್ನ ತಾಳ್ಮೆ ಎಷ್ಟು ಅಂತ ನೀನೇ ಅಳೆದೆ. ಎಲ್ಲಾ ನಿನ್ನ ಸ್ಕೇಲಲ್ಲೇ."

"ಮೆಲ್ಲಗೆ..."

"ಮೆಲ್ಲಗೇ ಹೇಳ್ತಿದೀನಿ! ನನ್ನ ತಮ್ಮ ನನ್ನ ಹತ್ರ ಮಾತು ಬಿಟ್ಟಿದ್ದಾನೆ. ಅವನ ಹೆಂಡ್ತಿ ನನ್ನ ಕಂಡ್ರೆ ಬಾಗಿಲು ಹಾಕ್ಕೋತಾಳೆ. ನಾನು ಅಷ್ಟನ್ನೂ ಹೊತ್ತುಕೊಂಡು ಬಂದೆ. ನೀನು ಟ್ರೇನಿಂಗ್ ಅಂತ ಹೇಳಿ ಬಂದೆ. ಗೊತ್ತಿಲ್ದಿರೋರ ಮುಂದೆ ನಾನು ಹೆಂಡ್ತಿ. ಗೊತ್ತಿರೋರ ಮುಂದೆ ಗಾಳಿ."

ಕಾವಲುಗಾರ ಬಂದು ಮತ್ತೆ ಬೆರಳಿಟ್ಟ. ನಾನೂ ಅವನಿಗೆ ಬೆರಳಿಟ್ಟು ತೋರಿಸಿ ಹೊರಗೆ ಬಂದೆ.

ಹೊರಗೆ ಬಿಸಿಲಲ್ಲಿ ಅವನು ನನ್ನ ಸರಿಸಮಕ್ಕೆ ನಡೆಯಲು ಒದ್ದಾಡುತ್ತಾ ಹೇಳಿದ, "ಈಗ ಬೇಡ. ಊರಿಗೆ ಹೋದ್ಮೇಲೆ ನೋಡೋಣ."

ನಾನು ಗಕ್ಕನೆ ನಿಂತೆ.

"ಏನಂದೆ?"

"ನೋಡೋಣ ಅಂದೆ."

"ಎರಡು ವರ್ಷದಿಂದ ನೋಡೋಣ. ಕೋಟೆ ನೋಡೋಣ, ಮ್ಯೂಸಿಯಂ ನೋಡೋಣ, ಕೆರೆ ನೋಡೋಣ. ನನ್ನ ಮಾತು ಬಂದ್ರೂ ನೋಡೋಣ. ನಾನೇನು ಟಿಕೆಟ್ ಇಟ್ಟ ಜಾಗಾನಾ?"

ಹೊಸ ಗಂಡ ಹೆಂಡತಿ ಪಕ್ಕದಲ್ಲೇ ಹೋಗುತ್ತಿದ್ದರು. ಹುಡುಗಿ ತನ್ನವನ ಕಡೆ ತಿರುಗಿ, "ನೀನೂ ಎಲ್ಲದಕ್ಕೂ ನೋಡೋಣ ಅಂತೀಯ" ಎಂದಳು. ಆ ಹುಡುಗನ ಗ್ರಹಚಾರ.

ಕೆರೆ ದೊಡ್ಡದಾಗಿತ್ತು. ದಡದಲ್ಲಿ ಹಂಸದ ಕುತ್ತಿಗೆ ಇಟ್ಟ ಪೆಡಲ್ ಬೋಟುಗಳು ಸಾಲಾಗಿ ನಿಂತಿದ್ದವು. ನನಗೊಂದು ಬೋಟು ಕೊಡಿ ಎಂದೆ. ಗೈಡ್ ಹುಡುಗಿ ತಲೆಯಾಡಿಸಿದಳು. "ಒಬ್ಬರಿಗೇ ಕೊಡಲ್ಲ ಮೇಡಂ. ಒಂದೇ ಕಡೆ ತೂಕ ಬಿದ್ರೆ ವಾಲುತ್ತೆ. ಪಕ್ಕದಲ್ಲಿ ಯಾರಾದ್ರೂ ಬೇಕು."

ನರ್ಸಮ್ಮನನ್ನು ನೋಡಿದೆ. ಅವರು ಬೆಂಚಿನ ಮೇಲೆ ಭದ್ರವಾಗಿ ಕೂತು, "ನನಗೆ ನೀರು ಅಂದ್ರೆ ಆಗಲ್ಲ. ಅವರನ್ನೇ ಕರ್ಕೊಂಡು ಹೋಗು. ನೀರಿನ ಮಧ್ಯದಿಂದ ಗಂಡಸು ಎದ್ದು ಹೋಗೋಕೆ ಆಗಲ್ಲ. ಒಳ್ಳೇ ಜಾಗ" ಎಂದರು.

ಅದು ನನ್ನ ತಲೆಗೂ ಹೋಯಿತು. ಹತ್ತಿದೆ. ಅವನೂ ಹತ್ತಿದ. ಬೋಟು ಒಮ್ಮೆ ಅವನ ಕಡೆ, ಒಮ್ಮೆ ನನ್ನ ಕಡೆ ಬಾಗಿ ಸಮಕ್ಕೆ ಬಂತು.

ನಾನು ಸಿಟ್ಟಿನಿಂದ ತುಳಿದೆ. ಅವನು ಹೆದರಿಕೆಯಿಂದ ತುಳಿದ. ನಾನು ಎಡಕ್ಕೆ ತಿರುಗಿಸಿದರೆ ಅವನ ಕೈಯೂ ಹಿಡಿಕೆಗೆ ಬಂದು ಬಲಕ್ಕೆ ಎಳೆಯುತ್ತಿತ್ತು. ಎತ್ತು ಏರಿಗೆ, ಕೋಣ ನೀರಿಗೆ. ಹಂಸ ಇದ್ದಲ್ಲೇ ಗಿರಕಿ ಹೊಡೆಯಿತು. ಹಿಡಿಕೆಯ ಮೇಲೆ ಅವನ ಕೈ ನನ್ನ ಕೈಗೆ ತಾಗಿತು. ನಾನು ತೆಗೆಯಲಿಲ್ಲ, ಸೋತ ಹಾಗಾಗುತ್ತದೆ ಎಂದು. ಅವನೂ ತೆಗೆಯಲಿಲ್ಲ. ಹಾಳಾದ ಕೈ, ಬೆಚ್ಚಗಿತ್ತು.

ಕೆರೆಯ ನಡುವೆ ಬಂದ ಮೇಲೆ ತುಳಿಯುವುದು ನಿಲ್ಲಿಸಿದೆ.

"ಈಗ ಫೋನ್ ಮಾಡು."

"ಇಲ್ಲಿಂದಾನಾ?"

"ಇಲ್ಲಿಂದಾನೇ. ದಡ ಮುಟ್ಟೋದ್ರೊಳಗೆ ಮಾಡು. ಇಲ್ಲಾಂದ್ರೆ ಲಾಡ್ಜಿಗೆ ಹೋಗಿ ಬ್ಯಾಗ್ ತಗೊಂಡು ಮುಂದಿನ ರೈಲು ಹತ್ತುತ್ತೀನಿ. ಆಮೇಲೆ ನೀನು ನಿಮ್ಮತ್ತೆಗೆ ಹೇಳಿದ್ದು ಸುಳ್ಳಾಗಲ್ಲ. ನೀನು ಒಬ್ಬನೇ ಬಂದ ಹಾಗೇ ಆಗುತ್ತೆ. ಮತ್ತೆ ನನ್ನ ಅಂಗಡಿಗೆ ಯಾವ ಕುರ್ಚಿನೂ ತರಬೇಡ."

ಬೆದರಿಕೆ ಅಲ್ಲ ಅದು. ನನ್ನ ಧ್ವನಿ ತಗ್ಗಿದ್ದು ಅವನಿಗೆ ಗೊತ್ತಾಯಿತು. ಕೂಗುವಾಗ ನನಗೆ ಯಾರೂ ಹೆದರಬೇಕಾಗಿಲ್ಲ. ತಗ್ಗಿದಾಗ ಹೆದರಬೇಕು.

ಅವನೂ ತುಳಿಯುವುದು ನಿಲ್ಲಿಸಿದ. ಕನ್ನಡಕದ ಮೇಲೆ ನೀರಿನ ಹನಿ ಬಿದ್ದಿತ್ತು. ತೆಗೆದ. ಒರೆಸಲು ನನ್ನ ಶಾಲಿನ ಕಡೆ ಕೈ ಬಂತು, ಅರ್ಧಕ್ಕೇ ನಿಂತು, ವಾಪಸ್ಸು ಹೋಯಿತು. ಆ ಅರ್ಧಕ್ಕೆ ನಿಂತ ಕೈಯನ್ನು ನೋಡಿದೆ. ಆದರೂ ಶಾಲು ಕೊಡಲಿಲ್ಲ. ಅಂಗಿಯಲ್ಲೇ ಒರೆಸಿಕೊಂಡು ಫೋನು ತೆಗೆದ.

"ಸ್ಪೀಕರ್ ಹಾಕು."

ಹಾಕಿದ.

"ಏನೋ ಮತ್ತೆ?" ಅತ್ತೆಯ ಧ್ವನಿ ನೀರಿನ ಮೇಲೆ ಗಟ್ಟಿಯಾಗಿ ಬಂತು. "ಈಗ ತಾನೇ ಮಾತಾಡಿದ್ಯಲ್ಲ. ಟ್ರೇನಿಂಗ್ ಮುಗೀತಾ?"

"ಟ್ರೇನಿಂಗ್ ಇಲ್ಲ ಅತ್ತೆ."

"ಕ್ಯಾನ್ಸಲ್ ಆಯ್ತಾ?"

"ಇರ್ಲೇ ಇಲ್ಲ. ಸುಳ್ಳು ಹೇಳಿದೆ. ಒಬ್ನೇ ಬಂದಿಲ್ಲ. ನಮ್ಮ ರಸ್ತೇಲಿ ಕುಶನ್ ಅಂಗಡಿ ಇದ್ಯಲ್ಲ, ಅವರು... ಇವಳ ಜೊತೆ ಬಂದಿದೀನಿ. ಇವಳನ್ನ ಮದುವೆ ಆಗ್ಬೇಕು ಅಂತಿದೀನಿ. ಇವಳು ಒಪ್ಪಿದ್ರೆ. ಬೆಳಿಗ್ಗೆ ಆಗಿದ್ರೆ ಒಪ್ತಿದ್ಲು. ಈಗ ಗೊತ್ತಿಲ್ಲ, ತುಂಬಾ ಸಿಟ್ಟಲ್ಲಿದ್ದಾಳೆ. ಇವಳಿಲ್ದೆ ನನಗೆ ಆಗಲ್ಲ ಅತ್ತೆ."

ನನ್ನನ್ನು ಮದುವೆಯಾಗುತ್ತೀಯಾ ಎಂದು ಈ ಮನುಷ್ಯ ನನ್ನನ್ನು ಯಾವತ್ತೂ ಕೇಳಿರಲಿಲ್ಲ. ಈಗಲೂ ಕೇಳಲಿಲ್ಲ. ನನ್ನ ಪಕ್ಕದಲ್ಲಿ ಕೂತು ಇನ್ನೊಬ್ಬರಿಗೆ ಹೇಳಿದ.

ಆ ಕಡೆ ನಲ್ಲಿಯಿಂದ ನೀರು ಬೀಳುವ ಸದ್ದು ಕೇಳುತ್ತಿತ್ತು. ಅದು ನಿಂತಿತು. ಕುರ್ಚಿ ಎಳೆದ ಸದ್ದು ಬಂತು.

"ಅತ್ತೆ?"

"ಹಾಗಾದ್ರೆ ನಾನು ಯಾವಾಗ ಹೊರಡ್ಲಿ?"

ಬೈದು ಕೇಳಿದ್ದರೆ ತಡೆದುಕೊಳ್ಳಬಹುದಿತ್ತು. ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುವ ಹಾಗೆ ಕೇಳಿದರು. ಅವನು ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಆ ಕೆರೆಯ ಮೀನುಗಳೇ ವಾಸಿ. ಆ ದಿನದ ಸಿಟ್ಟೆಲ್ಲ ಒಂದು ಕಡೆ, ಆಗ ಬಂದ ಸಿಟ್ಟು ಒಂದು ಕಡೆ. ಅವನ ಕೈಯಿಂದ ಫೋನು ಕಿತ್ತುಕೊಂಡೆ.

"ನೀವ್ಯಾಕ್ರೀ ಹೊರಡ್ಬೇಕು? ಹೊರಡೋದಿದ್ರೆ ಈ ಮನುಷ್ಯ ಹೊರಡ್ಲಿ. ಮನೆ ನಡೆಸ್ತಿರೋರು ಯಾರು, ಇವನಾ? ಎರಡು ವರ್ಷದಿಂದ ಒಂದು ಮಾತು ಬಾಯಿ ಬಿಟ್ಟು ಹೇಳೋಕಾಗಿಲ್ಲ ಇವನಿಗೆ, ಮನೆ ನಡೆಸ್ತಾನಾ?"

"ಯಾರಿದು?"

"ನಾನೇ. ಆಗ ಗಾಳಿ ಅಂದ್ನಲ್ಲ, ಅದೇ ಗಾಳಿ."

"ಗಾಳಿ ಅಂದಾಗ್ಲೇ ಇತ್ತು ನಂಗೆ ಅನುಮಾನ" ಎಂದರು. ಸ್ವಲ್ಪ ತಡೆದು, "ಗಂಟಲು ಬಹಳ ಜೋರಾಗಿದೆ."

"ಹೊಲಿಗೆ ಮೆಷೀನ್ ಸದ್ದಿನ ಮೇಲೆ ಮಾತಾಡಿ ಮಾತಾಡಿ ಹೀಗಾಗಿದೆ."

"ನನಗೂ ಕಿವಿ ಸ್ವಲ್ಪ ಮಂದ."

ಬೋಟು ಮೆಲ್ಲಗೆ ತಾನಾಗಿಯೇ ತಿರುಗುತ್ತಿತ್ತು.

"ಅವಳ ಬಟ್ಟೆ ಎಲ್ಲಾ ಕಪಾಟಲ್ಲೇ ಇದೆ" ಎಂದರು. ಧ್ವನಿ ಈಗ ನಡುಗಿತು. "ಆರು ವರ್ಷ ಆಯ್ತು, ತೆಗೆದಿಲ್ಲ. ಯಾರು ಬಂದ್ರೂ ನಾನು ತೆಗೆಯಲ್ಲ."

"ತೆಗೀಬೇಡಿ. ನನ್ನ ಹತ್ರ ನನ್ನದೇ ಕಪಾಟಿದೆ. ತರ್ತೀನಿ."

"ಅಡುಗೆಮನೆಗೆ ಬೇರೆ ಕೈ ಬಂದ್ರೆ ನನಗೆ ಆಗಲ್ಲ."

"ನನಗೆ ಅಡುಗೆ ಬರಲ್ಲ."

"ಬರಲ್ವಾ?" ಇದುವರೆಗೆ ಇಲ್ಲದ ಜೀವ ಬಂತು ಆ ಧ್ವನಿಗೆ. "ಇಷ್ಟು ವಯಸ್ಸಾಗಿದೆ, ಒಂದು ಸಾರು ಮಾಡೋಕೂ ಬರಲ್ವಾ?"

"ಬೈಬೇಡಿ. ಈಗಷ್ಟೇ ಪರಿಚಯ ಆಗಿದೆ."

"ಪರಿಚಯ ಆದವರನ್ನೇ ಬೈಯೋದು. ಗೊತ್ತಿಲ್ಲದವರನ್ನ ಬೈದ್ರೆ ಜಗಳ ಆಗುತ್ತೆ."

ಪಕ್ಕದಲ್ಲಿ ಅವನು ಉಸಿರು ಬಿಟ್ಟ. ನಾನು ಅವನ ಕಡೆ ನೋಡಿದ ನೋಟಕ್ಕೆ ಬಿಟ್ಟ ಉಸಿರನ್ನು ಮತ್ತೆ ಒಳಗೆಳೆದುಕೊಂಡ.

"ನೋಡಿ ಅತ್ತೆ," ಎಂದೆ ನಾನು, "ನಿಮಗ್ಯಾರಿಗೂ ಕೇಡು ಬಯಸಿ ಬರ್ತಿಲ್ಲ. ನನಗೆ ಸಿಟ್ಟು ಬೇಗ ಬರುತ್ತೆ, ಅದೊಂದು ಬಿಟ್ರೆ..."

"ಏನಂದೆ?"

"ಸಿಟ್ಟು ಬೇಗ..."

"ಅದಲ್ಲ. ಅದಕ್ಕಿಂತ ಮೊದಲು. ನನ್ನ ಏನಂತ ಕರೆದೆ?"

"ಅತ್ತೆ ಅಂತ. ಇವರು ಕರೀತಾರಲ್ಲ, ಹಾಗೇ."

"ಅವನಿಗೆ ನಾನು ಅತ್ತೆ. ನಿನಗೆ ಹೇಗೆ ಅತ್ತೆ ಆಗ್ತೀನಿ?" ಮುದುಕಿ ಸೊಂಟಕ್ಕೆ ಕೈ ಕೊಟ್ಟದ್ದು ಫೋನಿನಲ್ಲೇ ಕಾಣುತ್ತಿತ್ತು. "ಗಂಡನಿಗೆ ಅತ್ತೆ ಆದವಳು ಹೆಂಡತಿಗೆ ಏನಾಗ್ಬೇಕು? ಅಷ್ಟೂ ಗೊತ್ತಿಲ್ವಾ? ಯೋಚ್ನೆ ಮಾಡಿ ಹೇಳು."

ಯೋಚನೆ ಏನು ಬೇಕಿತ್ತು? ಲೆಕ್ಕ ಸುಲಭವಿತ್ತು. ಆದರೆ ಆ ಪದ ನನ್ನ ಬಾಯಿಗೆ ಬಂದು ಬಹಳ ಕಾಲವಾಗಿತ್ತು. ಹೆತ್ತವಳು ನಾನು ಲಂಗ ಉಡುವ ವಯಸ್ಸಿನಲ್ಲೇ ತೀರಿಹೋಗಿದ್ದಳು. ಅವನು ನನ್ನ ಶಾಲಿನ ತುದಿ ಎತ್ತಿ ನನ್ನ ಕೆನ್ನೆ ಒರೆಸಲು ಬಂದ. ಕೈಗೆ ಒಂದು ಬಾರಿಸಿದೆ. ಆಮೇಲೆ ಅದೇ ಕೈಯನ್ನು ಹಿಡಿದುಕೊಂಡೆ.

"ಲೈನ್ ಕಟ್ಟಾಯ್ತಾ?" ಎಂದರು ಆಚೆಯಿಂದ.

"ಇಲ್ಲ" ಎಂದೆ. "ಇಲ್ಲಮ್ಮ."

ಆ ಕಡೆ ಮೂಗು ಎಳೆದುಕೊಂಡ ಹಾಗೆ ಕೇಳಿತು. ನಲ್ಲಿ ಮತ್ತೆ ಹರಿಯಲು ಶುರುವಾಯಿತು, ಅಳುವುದು ಕೇಳಬಾರದು ಎಂದು ಬಿಟ್ಟಿರಬೇಕು. ಆಮೇಲೆ ಅದನ್ನೂ ನಿಲ್ಲಿಸಿದರು.

"ಸರಿ" ಎಂದರು. "ನಾಳೆ ಮನೆಗೆ ಬಾ. ನಿನ್ನ ಮುಖ ಸರಿಯಾಗಿ ನೋಡ್ಬೇಕು. ಈಗ ಆ ಹೇಡಿ ಕೈಗೆ ಫೋನ್ ಕೊಡು. ಟ್ರೇನಿಂಗಂತೆ ಟ್ರೇನಿಂಗು!"

ಕೊಟ್ಟೆ. ಅವನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅಲ್ಲಿಂದ ಶುರುವಾಯಿತು. ನಾನು ಬೆಳಗಿನಿಂದ ಬೈದದ್ದು ಏನೂ ಅಲ್ಲ ಎನ್ನುವ ಹಾಗೆ, ಉಸಿರು ಬಿಡದೆ, ಅಡಿಯಿಂದ ಮುಡಿಯವರೆಗೆ. ಅವನು, "ಹೂಂ ಅತ್ತೆ, ತಪ್ಪು ಅತ್ತೆ, ಇನ್ನೊಂದ್ಸಲ ಇಲ್ಲ ಅತ್ತೆ" ಎನ್ನುತ್ತಾ ನನ್ನ ಕಡೆ ಕಾಪಾಡು ಎಂಬಂತೆ ನೋಡಿದ. ನಾನು ಅವನ ಕನ್ನಡಕ ತೆಗೆದು, ಶಾಲಿನಲ್ಲಿ ಚೆನ್ನಾಗಿ ಒರೆಸಿ, ಮತ್ತೆ ಅವನ ಮೂಗಿನ ಮೇಲೆ ಇಟ್ಟೆ. ಸರಿಯಾಗಿ ನೋಡಲಿ, ಯಾರನ್ನು ಗಾಳಿ ಎಂದದ್ದು ಎಂದು.

ದಡದಿಂದ ಬೋಟಿನವನು ಸೀಟಿ ಊದಿದ. ಟೈಮಾಯಿತು, ಬನ್ನಿ ಎಂದು ಕೈ ಬೀಸಿದ. ಬೆಂಚಿನ ಮೇಲೆ ನರ್ಸಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ನಮ್ಮ ಕಡೆಯೇ ನೋಡುತ್ತಿದ್ದರು.

ಅವನಿಗೆ ಬೀಳುತ್ತಿದ್ದ ಬೈಗುಳ ಇನ್ನೂ ಅರ್ಧಕ್ಕೂ ಬಂದಿರಲಿಲ್ಲ. ನಾನು ಹಿಡಿಕೆ ತಿರುಗಿಸಿ, ಹಂಸದ ಮೂತಿಯನ್ನು ಮತ್ತೆ ಕೆರೆಯ ನಡುವಿಗೆ ಮಾಡಿ, ಜೋರಾಗಿ ತುಳಿದೆ.